ಬಿಲ್ಲಿಗೆ ಮರ: ಆರಿಸುವುದು, ಸೀಳುವುದು, ಹದಕ್ಕೆ ಒಣಗಿಸುವುದು

ಶಿಡ್ಲಘಟ್ಟ, ಚಿಂತಾಮಣಿ, ಮುಳಬಾಗಿಲು ಕಡೆ ಹಳೆಯ ಹಿಪ್ಪುನೇರಳೆ ತೋಟ ಕಿತ್ತಾಗ ಬುಡಗಳೂ ಕಾಂಡಗಳೂ ಬದುವಿನ ಮೇಲೆ ರಾಶಿ ಬೀಳುತ್ತವೆ. ಕೆಲವೇ ದಿನಗಳಲ್ಲಿ ಅವು ಮನೆಯ ಒಲೆಗೋ ನೂಲು ಬಿಚ್ಚುವ ಘಟಕದ ಒಲೆಗೋ ಹೋಗುತ್ತವೆ. ಆ ರಾಶಿಯಲ್ಲಿ ಒಳ್ಳೆಯ ಬಿಲ್ಲಿನ ಮರ ಇರುತ್ತದೆ. ಹಿಪ್ಪುನೇರಳೆಯದು ಆಲ, ಅತ್ತಿ, ಹಲಸಿನ ಕುಟುಂಬ. ಅಮೆರಿಕದಲ್ಲಿ ಬಿಲ್ಲಿಗೆಂದೇ ಹೆಸರಾದ ಓಸೇಜ್ ಆರೆಂಜ್ ಕೂಡ ಅದೇ ಮನೆತನದ ಮರ. ಹಾಗಂತ ಕೈಗೆ ಸಿಕ್ಕ ಕಾಂಡ ಎಳೆದು ತಂದು ಬಾಚಿ ಹಾಕಿದರೆ ಬಿಲ್ಲು ಹುಟ್ಟುವುದಿಲ್ಲ. ಒಂದು ತಿರುಚಿಕೊಂಡಿರುತ್ತದೆ, ಇನ್ನೊಂದರಲ್ಲಿ ಗೇಣಿಗೊಂದು ಗಂಟು, ಮತ್ತೊಂದು ಬಿಸಿಲಿಗೆ ಬಿದ್ದು ಆಗಲೇ ತುದಿಯಿಂದ ಸೀಳಿರುತ್ತದೆ.

ಕೈಯಲ್ಲಿ ಮಾಡಿದ ಬಿಲ್ಲು ಮುರಿದರೆ ಕೆತ್ತಿದವನ ಕೈಯನ್ನು ದೂರುವುದು ರೂಢಿ. ಮುರಿದ ತುಂಡನ್ನು ಬೆಳಕಿಗೆ ಹಿಡಿದು ನೋಡಿದರೆ ಕಾಣುವುದು ಹೆಚ್ಚಾಗಿ ಎರಡರಲ್ಲಿ ಒಂದು: ಬೆನ್ನಿನ ಮೇಲೆ ಎಲ್ಲೋ ನಾರು ಅಡ್ಡಕ್ಕೆ ಕಡಿದುಹೋಗಿದೆ, ಇಲ್ಲವೇ ಒಣಗಿಸುವಾಗ ಬಿದ್ದ ಬಿರುಕು ಅಂಚಿಗೆ ಓಡಿದೆ. ಎರಡೂ ಬಿಲ್ಲಿನ ಆಕಾರ ಮೂಡುವುದಕ್ಕೂ ಮುಂಚಿನ ತಪ್ಪುಗಳು. ಈ ಬರಹ ಅಲ್ಲಿಯವರೆಗಿನ ಕೆಲಸದ ಬಗ್ಗೆ ಮಾತ್ರ. ಬಿಲ್ಲನ್ನು ಕೆತ್ತಿ ಅದರ ಎರಡು ತೋಳನ್ನೂ, ಅಂದರೆ ಹಿಡಿಯ ಎರಡು ಬದಿಯ ಭಾಗಗಳನ್ನು, ಸಮನಾಗಿ ಬಾಗಿಸುವುದು ಬೇರೆಯೇ ವಿದ್ಯೆ.

ಬಾಗುವಾಗ ಮರಕ್ಕೆ ಏನಾಗುತ್ತದೆ

ಬಿಲ್ಲುಗಾರನ ಕಡೆಗಿರುವ ಮುಖ ಹೊಟ್ಟೆ, ಗುರಿಯ ಕಡೆಗಿರುವ ಮುಖ ಬೆನ್ನು. ಹೆದೆ ಎಳೆದಾಗ ಬೆನ್ನಿನ ನಾರು ಹಿಗ್ಗುತ್ತದೆ, ಹೊಟ್ಟೆಯ ನಾರು ಒತ್ತಿಕೊಳ್ಳುತ್ತದೆ, ನಡುವಿನ ಪದರಕ್ಕೆ ಹೆಚ್ಚೇನೂ ಆಗುವುದಿಲ್ಲ. ಹೊಟ್ಟೆ ಸೋತರೆ ಬಿಲ್ಲು ನಿಧಾನಕ್ಕೆ ಕೆಡುತ್ತದೆ: ಅಡ್ಡಕ್ಕೆ ಉಗುರಿನ ಗೀರಿನಂಥ ಸುಕ್ಕು ಮೂಡುತ್ತದೆ, ಹೆದೆ ಇಳಿಸಿದ ಮೇಲೂ ಬಾಗು ಹಾಗೇ ಉಳಿಯುತ್ತದೆ. ಬೆನ್ನು ಸೋತರೆ ಮುನ್ಸೂಚನೆ ಇರುವುದಿಲ್ಲ. ಒಂದು ಚಕ್ಕೆ ಎದ್ದಿತು ಎನ್ನುವಷ್ಟರಲ್ಲಿ ಎರಡು ತುಂಡು.

ಲೆಕ್ಕ ಒಂದು ತಲೆಯಲ್ಲಿರಲಿ. ಅಗಲ ಅರ್ಧಕ್ಕಿಳಿದರೆ ಬಿಗಿಯೂ ಅರ್ಧಕ್ಕಿಳಿಯುತ್ತದೆ. ದಪ್ಪ ಅರ್ಧಕ್ಕಿಳಿದರೆ ಬಿಗಿ ಎಂಟನೇ ಒಂದು ಪಾಲಿಗೆ ಕುಸಿಯುತ್ತದೆ. ದಪ್ಪದಲ್ಲಿ ಹತ್ತನೇ ಒಂದು ಪಾಲು ತೆಗೆದರೂ ಬಿಗಿಯಲ್ಲಿ ಶೇ. 27 ಹೋಯಿತು. ಆದ್ದರಿಂದ ಮರ ಕೊಂಚ ಮೆದುವಾಗಿದೆ ಎನಿಸಿದರೆ ದಪ್ಪ ಬಿಟ್ಟು ಸರಿದೂಗಿಸಲು ಹೋಗಬಾರದು. ದಪ್ಪಗಾದಷ್ಟೂ ಹೊರಮೈ ನಾರು ಹೆಚ್ಚು ಹಿಗ್ಗಬೇಕು, ಹೆಚ್ಚು ಕುಗ್ಗಬೇಕು. ಮೆದು ಮರಕ್ಕೆ ಅಗಲ ಕೊಡಬೇಕು.

ಎಷ್ಟು ಅಗಲ ಎಂಬುದನ್ನು ಮರದ ತೂಕವೇ ಹೇಳುತ್ತದೆ. ಒಣಗಿದ ಮರದಿಂದ ಚೊಕ್ಕ ಚೌಕದ ತುಂಡೊಂದನ್ನು ಕುಯ್ದು, ಸೆಂಟಿಮೀಟರಿನಲ್ಲಿ ಉದ್ದ, ಅಗಲ, ದಪ್ಪ ಗುಣಿಸಿ, ಗ್ರಾಂ ತೂಕವನ್ನು ಅದರಿಂದ ಭಾಗಿಸಿ. ಉತ್ತರ 0.8 ದಾಟಿದರೆ ಹಿಡಿಯ ಪಕ್ಕದಲ್ಲಿ ಒಂದೂವರೆ ಇಂಚು ಅಗಲ ಸಾಕು. 0.7ರ ಸುತ್ತ ಇದ್ದರೆ ಒಂದೂಮುಕ್ಕಾಲು, 0.6ಕ್ಕೆ ಎರಡು ಇಂಚು. 0.5ಕ್ಕಿಂತ ಕೆಳಗಿನ ಮರಕ್ಕೆ ಎರಡೂವರೆ ಇಂಚು ಬೇಕಾಗುತ್ತದೆ, ಅಷ್ಟು ಹೊತ್ತಿಗೆ ಅದರ ಗೊಡವೆಯೇ ಬೇಡ ಅನಿಸುತ್ತದೆ. ಉದ್ದಕ್ಕೆ ಸುಲಭ ಸೂತ್ರ: ಎಳೆತದ (ಹಿಡಿಯಿಂದ ಹೆದೆಯನ್ನು ಎಳೆಯುವ ದೂರದ) ಎರಡರಷ್ಟು, ಅದರ ಮೇಲೆ ಶೇ. 20. ನಮ್ಮಲ್ಲಿ ಸಾಮಾನ್ಯ ಆಳಿನ ಎಳೆತ 26-27 ಇಂಚು, ಅಂದರೆ ಬಿಲ್ಲಿಗೆ 63-65 ಇಂಚು. ದಿಮ್ಮಿ ಆರು ಅಡಿ ಇರಲಿ. ತುದಿಗಳಲ್ಲಿ ಮೂರು ನಾಲ್ಕು ಇಂಚು ಬಿರುಕಿಗೆ ಹೋಗುವುದು ಇದ್ದೇ ಇದೆ.

ಉಂಗುರ ಹುಡುಕುತ್ತ ಕೂರಬೇಡಿ

ಚಳಿ ದೇಶದ ಬಿಲ್ಲುಗಾರರು ಓಸೇಜ್ ಆರೆಂಜ್‌ನಂಥ ಮರದಲ್ಲಿ ಬೆನ್ನು ತೆಗೆಯುವ ರೀತಿ ಹೀಗೆ: ಹೊರಗಿನ ಬಿಳಿ ಮರವನ್ನು ಕೆತ್ತಿ, ಚೇಗಿನ (ಒಳಗಿನ ಬಣ್ಣದ ಗಟ್ಟಿ ಮರದ) ಒಂದೇ ವರ್ಷದ ಉಂಗುರವನ್ನು ಹಿಡಿದು, ಈ ತುದಿಯಿಂದ ಆ ತುದಿಯವರೆಗೆ ಅದನ್ನೇ ಬಿಡಿಸುತ್ತ ಹೋಗುವುದು. ವೀಡಿಯೊಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಅಲ್ಲಿ ಮರ ಚಳಿಗಾಲದಲ್ಲಿ ನಿದ್ದೆ ಹೋಗಿ ವಸಂತದಲ್ಲಿ ಎದ್ದು ಹೊಸ ಪದರ ಕಟ್ಟುವುದರಿಂದ ಉಂಗುರ ಗೆರೆ ಎಳೆದಂತೆ ಕಾಣುತ್ತದೆ. ನಮ್ಮ ಬಯಲುಸೀಮೆಯ ಮರಗಳ ಬಾಳು ಬೇರೆ. ಜಾಲಿ, ಹುಣಸೆಯಂಥವುಗಳಲ್ಲಿ ಉಂಗುರ ಮಸುಕು. ವರ್ಷಕ್ಕೆ ಐದು ಸಲ ಸೊಪ್ಪು ಕೊಯ್ಯಿಸಿಕೊಳ್ಳುವ ಹಿಪ್ಪುನೇರಳೆಯಲ್ಲಿ ಉಂಗುರ ಕಂಡರೂ ನಂಬುವಂತಿಲ್ಲ.

ಹಾಗಾದರೆ ಬೆನ್ನು ಯಾವುದು? ತೊಗಟೆಯ ಒಳಗಿನ ಮೊದಲ ಪದರ. ಮರವೇ ಕಟ್ಟಿದ ಮೈ ಅದು, ನಾರು ಬುಡದಿಂದ ತುದಿಗೆ ಎಲ್ಲೂ ಕಡಿಯದೆ ಓಡಿರುತ್ತದೆ. ಅದರ ಮೇಲೆ ಬಾಚಿ, ಉಳಿ, ಅರ, ಯಾವುದೂ ತಾಕಬಾರದು. ಮೈ ಅಲೆಅಲೆಯಾಗಿದ್ದರೆ ಬೆನ್ನೂ ಅಲೆಅಲೆಯಾಗಿಯೇ ಇರಲಿ. ಗಂಟಿನ ಉಬ್ಬನ್ನು ‘ಚೆನ್ನಾಗಿ ಕಾಣಲಿ’ ಎಂದು ಸಮ ಮಾಡಿದ ಜಾಗವೇ ನಾಳೆ ಮುರಿಯುವ ಜಾಗ. ಸಾಮಿಲ್‌ನಲ್ಲಿ ಕುಯ್ಸಿದ ರೀಪಿನಿಂದ ಬಿಲ್ಲು ಸುಲಭಕ್ಕೆ ಬಾರದಿರುವುದಕ್ಕೂ ಇದೇ ಕಾರಣ. ಗರಗಸ ನೇರ ಗೆರೆ ನೋಡುತ್ತದೆ, ನಾರು ಎತ್ತ ಓಡಿದೆ ಎಂದು ಅದಕ್ಕೆ ಗೊತ್ತಿಲ್ಲ. ರೀಪಿನಲ್ಲೇ ಮಾಡಬೇಕೆಂದರೆ ಬೆನ್ನಿಗೆ ಬಿದಿರಿನ ಪಟ್ಟಿ ಅಂಟಿಸುವುದು ಕ್ಷೇಮ.

ಯಾವ ಮರ

ಮೊದಲ ಬಿಲ್ಲಿಗೆ ಬಿದಿರು, ಎರಡನೆಯದಕ್ಕೆ ಹಿಪ್ಪುನೇರಳೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಮಟ್ಟಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಬಿದಿರಿನ ವಿಷಯ ಪ್ರತ್ಯೇಕ, ಮುಂದೆ ಬರುತ್ತದೆ.

ಹಿಪ್ಪುನೇರಳೆಯ ಚೇಗು ಕುಯ್ದಾಗ ಅರಿಶಿನ ಬಣ್ಣ, ಗಾಳಿ ಬೆಳಕು ತಾಕುತ್ತ ಜೇನಿನ ಕಂದು. ತೂಕ ಸುಮಾರು 0.65-0.7. ಹಿಗ್ಗಲೂ ಕುಗ್ಗಲೂ ಒಗ್ಗುವ ಮರ, ಉಪಕರಣಕ್ಕೆ ಹಿತ. ತೊಂದರೆ ಉದ್ದದ್ದು. ಸಾಲಿನಲ್ಲಿ ಗಿಡ ಪದ್ಧತಿಯಲ್ಲಿ ಬೆಳೆದದ್ದು ಮೊಣಕಾಲೆತ್ತರದ ಮೋಟು ಬುಡವಷ್ಟೇ, ಅದರಿಂದ ಏನೂ ಬರದು. ನೀರು ಕಡಿಮೆಯಾದ ಮೇಲೆ ಕೋಲಾರ, ಚಿಕ್ಕಬಳ್ಳಾಪುರ ಕಡೆ ಹಬ್ಬಿದ ಮರ ಪದ್ಧತಿಯಲ್ಲಿ ಮೂರರಿಂದ ಐದು ಅಡಿ ನೇರ ಕಾಂಡ ಇರುತ್ತದೆ. ಅದರಿಂದ ಒಂದೇ ಉದ್ದದ ಬಿಲ್ಲು ಬಾರದಿದ್ದರೂ ಎರಡು ತುಂಡು ಸೇರಿಸಿ ಮಾಡಬಹುದು. ಬಾವಿ ಪಕ್ಕದಲ್ಲೋ ಬದುವಿನಲ್ಲೋ ಯಾರೂ ಸವರದೆ ಬಿಟ್ಟ ಹಳೆಯ ಮರ ಸಿಕ್ಕಿದರೆ ಅದೃಷ್ಟ. ಕೊಂಬೆಯಲ್ಲೇ ಆರು ಅಡಿ ಸಿಗುತ್ತದೆ.

ತಡಸಲು ಬಿಲ್ಲಿನ ಮರಗಳ ಪೈಕಿ ನಮ್ಮ ನಾಡಿನ ದೊಡ್ಡ ಹೆಸರು. ಕೊಡಲಿ ಕಾವು, ಗಾಡಿಯ ಮೂಕಿ, ನೊಗಕ್ಕೆಲ್ಲ ಅದನ್ನು ಹುಡುಕುತ್ತಿದ್ದುದು ಪೆಟ್ಟು ತಿಂದರೂ ಬಾಗಿ ಮರಳುವ ಗುಣಕ್ಕೆ. ಎಲೆ ಉದುರುವ ಕಾಡಿನ ಮರವಾದ್ದರಿಂದ ಸ್ವಂತ ಜಮೀನಿನಲ್ಲಿದ್ದವರಿಗೆ ಮಾತ್ರ ಆ ಭಾಗ್ಯ. ದಿಂಡಿಗದ ಕಥೆಯೂ ಅದೇ: ಗಾಡಿಯ ಅಚ್ಚಿಗೆ ಬಳಸುತ್ತಿದ್ದ ಮರ, ಭಾರ, ಗಟ್ಟಿ, ಆದರೆ ಒಣಗುವಾಗ ಸೀಳುವುದರಲ್ಲಿ ಎತ್ತಿದ ಕೈ.

ಕೆರೆಯಂಗಳಗಳನ್ನೆಲ್ಲ ನುಂಗಿರುವ ಬಳ್ಳಾರಿ ಜಾಲಿಯನ್ನು ತಾತ್ಸಾರ ಮಾಡಬೇಕಿಲ್ಲ. ಒಣಗುವಾಗ ಅತಿ ಕಡಿಮೆ ಕುಗ್ಗುವ ಮರಗಳಲ್ಲಿ ಅದೂ ಒಂದು, ಹಾಗಾಗಿ ಬಿರುಕೂ ಕಡಿಮೆ. ಐದು ಅಡಿ ನೇರ ತುಂಡು ಹುಡುಕಲು ಇಡೀ ಕೆರೆ ಸುತ್ತಬೇಕು, ಅಷ್ಟೇ. ಮುಳ್ಳು ಚುಚ್ಚಿದರೆ ಕೀವು ಕಟ್ಟುತ್ತದೆ, ದಪ್ಪ ಕೈಗವಸು ಬೇಕು. ಕರಿಜಾಲಿ ಗಟ್ಟಿ ಮರ, ನೇಗಿಲು, ಗಾಡಿ ಚಕ್ರ ಅದರಿಂದಲೇ ಆಗುತ್ತಿತ್ತು. ಎರಡೂ ಜಾಲಿಗಳ ಬಿಳಿ ಭಾಗಕ್ಕೆ ಹುಳು ಬೀಳುವುದು ಖಚಿತ.

ಉಳಿದವು ಒಂದೇ ಉಸಿರಿಗೆ. ಹುಣಸೆಯ ನಾರು ಒಂದಕ್ಕೊಂದು ಹೆಣೆದುಕೊಂಡಿರುತ್ತದೆ. ಮಾಂಸದಂಗಡಿಯ ಕೊರಡಿಗೆ ಅದು ಬೇಕಾಗುವ ಕಾರಣವೇ ಬಿಲ್ಲಿಗೆ ಬೇಡವಾಗುವ ಕಾರಣ. ಬೇವಿನದೂ ಹೆಣೆದ ನಾರು. ಶ್ರೀನಿವಾಸಪುರದಲ್ಲಿ ಮಾವು ಬೇಕಾದಷ್ಟಿದೆ, ಹಣ್ಣು ತಿನ್ನಿ. ಸಿಲ್ವರ್ ಓಕ್ ಹಗುರ. ತೇಗದ ಬೆಲೆ ನೋಡಿ ಮರುಳಾಗುವವರಿದ್ದಾರೆ. ಬಾಗಿಲಿಗೆ ಅದು ರಾಜ, ಬಿಲ್ಲಿನ ಬೆನ್ನಿಗೆ ಮಾತ್ರ ಟಕ್ಕನೆ ಮುರಿಯುವ ಸ್ವಭಾವ. ನೀಲಗಿರಿಯ ಬಗ್ಗೆ ಒಂದು ಮಾತು ಹೆಚ್ಚು ಬೇಕು, ಏಕೆಂದರೆ ಕಣ್ಣಿಗೆ ಅದರಷ್ಟು ನೇರ ಮರ ಬೇರೆ ಕಾಣುವುದಿಲ್ಲ. 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸಿದರೂ ಹಳೆಯ ತೋಪುಗಳ ಕೂಳೆ ಇನ್ನೂ ಚಿಗುರುತ್ತಲೇ ಇದೆ. ವೇಗವಾಗಿ ಬೆಳೆಯುವ ಆ ಕಾಂಡದಲ್ಲಿ ಹೊರಪದರ ಎಳೆದುಕೊಂಡು, ಒಳತಿರುಳು ಒತ್ತಿಕೊಂಡು ಬೆಳೆದಿರುತ್ತದೆ. ಕಡಿದ ಕೂಡಲೇ ಆ ಬಿಗಿ ಸಡಿಲವಾಗಿ ತುದಿ ನಕ್ಷತ್ರದಂತೆ ಒಡೆಯುತ್ತದೆ, ಸೀಳಿದ ಹೋಳು ಬಾಳೆಕಾಯಿಯಂತೆ ಬಾಗುತ್ತದೆ. ನಾರೂ ಸುರುಳಿ ಸುತ್ತಿರುತ್ತದೆ.

ಅಪ್ಪಣೆ ಇಲ್ಲದೆ ಕೊಡಲಿ ಎತ್ತುವಂತಿಲ್ಲ

ದೇವರಾಯನದುರ್ಗ, ನಂದಿ ಸುತ್ತಿನ ಕಾಡಿನಿಂದ ಒಂದು ಕೋಲು ತಂದರೂ ಅರಣ್ಯ ಕಾಯ್ದೆಯ ಅಪರಾಧ. ಸ್ವಂತ ಜಮೀನಿನ ಮರಕ್ಕೂ 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಸರ್ವೆ, ನೀಲಗಿರಿ, ಸಿಲ್ವರ್ ಓಕ್, ತೆಂಗಿನಂಥ ಕೆಲವಕ್ಕೆ ವಿನಾಯಿತಿ ಇದೆ, ತಡಸಲು, ದಿಂಡಿಗದಂಥವನ್ನು ಕಡಿಯುವ ಮೊದಲು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿ ಬರಹದಲ್ಲಿ ಅನುಮತಿ ಪಡೆಯಿರಿ. ಹೊಲದಲ್ಲಿ ಬೆಳೆದ ಬಿದಿರನ್ನು 2017ರ ತಿದ್ದುಪಡಿ ಕೇಂದ್ರದ ಅರಣ್ಯ ಕಾಯ್ದೆಯ ‘ಮರ’ ಎಂಬ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಬಿಲ್ಲು ಗುರಿ ಹಲಗೆಗೆ ಮಾತ್ರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ಅಪರಾಧ.

ನಿಂತ ಮರದಲ್ಲಿ ನೋಡಬೇಕಾದ್ದು

ಕಾಂಡದ ದಪ್ಪ ಅಡ್ಡಕ್ಕೆ ಐದಾರು ಇಂಚು ಇರಲಿ. ಅಷ್ಟಿದ್ದರೆ ಸೀಳಿದಾಗ ಎರಡರಿಂದ ನಾಲ್ಕು ಹೋಳು ಸಿಗುತ್ತದೆ, ಬೆನ್ನೂ ತೀರಾ ಗುಂಡಗಿರುವುದಿಲ್ಲ. ಮೂರಿಂಚಿನ ಎಳೆಯ ಕಾಂಡದಲ್ಲೂ ಬಿಲ್ಲು ಆಗುತ್ತದೆ, ಆದರೆ ಬೆನ್ನಿನ ಉಬ್ಬು ಹೆಚ್ಚಾಗಿ ನಡುಗೆರೆಯ ಮೇಲೇ ಎಲ್ಲ ಎಳೆತವೂ ಬೀಳುತ್ತದೆ.

ತೊಗಟೆಯ ಸೀಳುಗೆರೆಗಳನ್ನು ಕಣ್ಣಲ್ಲಿ ಹಿಂಬಾಲಿಸಿ. ಅವು ನೇರ ಏರಿದ್ದರೆ ಒಳಗಿನ ನಾರೂ ಹೆಚ್ಚಾಗಿ ನೇರ. ಬಳ್ಳಿಯಂತೆ ಸುತ್ತಿ ಏರಿದ್ದರೆ ಬಿಟ್ಟು ಮುಂದಕ್ಕೆ ನಡೆಯಿರಿ. ಆರು ಅಡಿಯಲ್ಲಿ 15-20 ಡಿಗ್ರಿ ತಿರುವಿದ್ದರೆ ಮುಂದೆ ಬಿಸಿ ಕೊಟ್ಟು ಸರಿ ಮಾಡಬಹುದು, ಅದಕ್ಕಿಂತ ಹೆಚ್ಚಿನದು ತಲೆನೋವು. ವಾಲಿ ಬೆಳೆದ ಮರದ ಮೇಲ್ಮಗ್ಗುಲಿನಲ್ಲಿ ಎಳೆತದ ನಾರು ಕಟ್ಟಿರುತ್ತದೆ. ಒಣಗುವಾಗ ಅದು ಉದ್ದದಲ್ಲೂ ಕುಗ್ಗಿ ಹೋಳನ್ನು ಬಗ್ಗಿಸುತ್ತದೆ. ಗುಂಡುಸೂಜಿ ತಲೆಯಷ್ಟು ಗಂಟು ಪರವಾಗಿಲ್ಲ. ಹೆಬ್ಬೆರಳಷ್ಟು ಗಂಟು ಬಿಲ್ಲಿನ ತೋಳಿನ ನಡುವೆ ಬರುವಂತಿದ್ದರೆ ಬೇಡ, ಹಿಡಿಯ ಜಾಗಕ್ಕೆ ಬರುವಂತೆ ಅಳೆದು ಕುಯ್ಯಬಹುದಾದರೆ ಅಡ್ಡಿಯಿಲ್ಲ.

ಕಡಿಯಲು ಕಾಲ: ಹಿಂಗಾರು ನಿಂತ ಮೇಲೆ, ನವೆಂಬರ್ ಕೊನೆಯಿಂದ ಜನವರಿ. ಆಗ ಗಾಳಿ ತಂಪು, ಬಿಸಿಲು ಮೆತ್ತಗೆ, ಯುಗಾದಿಯ ಒಣ ಗಾಳಿ ಬರುವ ಹೊತ್ತಿಗೆ ಮರ ಅರ್ಧ ಹದಕ್ಕೆ ಬಂದಿರುತ್ತದೆ. ಶಿವರಾತ್ರಿ ಕಳೆದ ಮೇಲೆ ಕಡಿದು ಅಂಗಳದಲ್ಲಿ ಒಂದೇ ಮಧ್ಯಾಹ್ನ ಬಿಟ್ಟರೂ ತುದಿಯಲ್ಲಿ ಕೂದಲೆಳೆಯ ಬಿರುಕು ಕಾಣಿಸಿಕೊಳ್ಳುತ್ತದೆ.

ಸೀಳುವುದು

ಕುಯ್ದ ಹತ್ತು ನಿಮಿಷದೊಳಗೆ ಎರಡೂ ತುದಿಗೆ ಫೆವಿಕಾಲ್ ದಪ್ಪಗೆ ಬಳಿಯಿರಿ, ಒಣಗಿದ ಮೇಲೆ ಇನ್ನೊಂದು ಪದರ. ಕರಗಿಸಿದ ಮೇಣ, ಹಳೆಯ ಎಣ್ಣೆ ಪೇಂಟ್ ಯಾವುದಾದರೂ ಆದೀತು. ತುದಿಯ ಕುಯ್ದ ಮುಖದಿಂದ ನೀರು ಪಕ್ಕದ ಮೈಗಿಂತ ಹತ್ತು ಹದಿನೈದು ಪಟ್ಟು ಬೇಗ ಹೊರಹೋಗುತ್ತದೆ. ತುದಿ ಕುಗ್ಗುತ್ತದೆ, ಒಳಗಿನದು ಕುಗ್ಗಿರುವುದಿಲ್ಲ, ಆ ಜಗಳದಲ್ಲಿ ಬಿರುಕು ಹುಟ್ಟುತ್ತದೆ. ‘ನಾಳೆ ಬಳಿದರಾಯ್ತು’ ಎಂದವರು ನಾಳೆ ಬಳಿಯುವುದು ಬಿರುಕಿನ ಮೇಲೆ.

ದಿಮ್ಮಿಯನ್ನು ಅದೇ ದಿನ, ತಪ್ಪಿದರೆ ಆ ವಾರದೊಳಗೆ ಸೀಳಬೇಕು. ದುಂಡಗೆ ಬಿಟ್ಟರೆ ಬಿರುಕು ತಪ್ಪಿದ್ದಲ್ಲ: ಮರ ಸುತ್ತಳತೆಯ ದಿಕ್ಕಿನಲ್ಲಿ ಕುಗ್ಗುವುದು ತಿರುಳಿನತ್ತ ಕುಗ್ಗುವುದರ ಸುಮಾರು ಎರಡರಷ್ಟು. ಹೊರಮೈ ಚಿಕ್ಕದಾಗುತ್ತ ಹೋದಾಗ ಒಳಗಿನ ದುಂಡು ದಾರಿ ಬಿಡುವುದಿಲ್ಲ, ಎಲ್ಲಾದರೂ ಒಂದು ಕಡೆ ಬಾಯಿ ಬಿಡಲೇಬೇಕು. ಸೀಳಿಟ್ಟರೆ ಆ ಬಿಗಿಯೇ ಇರುವುದಿಲ್ಲ.

ಬೇಕಾದ್ದು ಮೂರು ಕಬ್ಬಿಣದ ಬೆಣೆ, ಜಾಲಿ ಕಟ್ಟಿಗೆಯಲ್ಲಿ ಕೆತ್ತಿದ ಎರಡು ದಪ್ಪ ಬೆಣೆ, ಚಮ್ಮಟಿಗೆ, ಒಂದು ಚಿಕ್ಕ ಕೊಡಲಿ. ತುದಿಯ ಮುಖದಲ್ಲಿ ತಿರುಳಿನ ಮೇಲೆ ಹಾಯುವಂತೆ ಮೊದಲು ಕೊಡಲಿಯನ್ನಿಟ್ಟು ಒಂದು ಗೆರೆ ಮೂಡಿಸಿ. ದೊಡ್ಡ ಗಂಟಿದ್ದರೆ ಗೆರೆ ಅದರ ಮೂಲಕವೇ ಹಾಯಲಿ, ಗಂಟು ಎರಡು ಹೋಳಿನ ಅಂಚಿಗೆ ಹಂಚಿಹೋಗುತ್ತದೆ. ಮೊದಲ ಬೆಣೆ ಹೊಡೆದಾಗ ಪಕ್ಕದಲ್ಲಿ ಸೀಳು ಓಡುತ್ತದೆ, ಅದರ ಶಬ್ದ ಕೇಳುತ್ತದೆ. ಒಂದು ಅಡಿ ಮುಂದೆ ಆ ಸೀಳಿಗೇ ಎರಡನೆಯ ಬೆಣೆ. ಅದು ಇಳಿದಾಗ ಮೊದಲನೆಯದು ಸಡಿಲವಾಗಿ ಕೈಗೆ ಬರುತ್ತದೆ, ಅದನ್ನು ಮತ್ತೂ ಮುಂದಕ್ಕೆ. ಹೀಗೆ ಕಪ್ಪೆ ಹಾರಿದ ಹಾಗೆ ಬೆಣೆ ದಾಟಿಸುತ್ತ ಆ ತುದಿಯವರೆಗೆ. ನಡುವೆ ಎರಡು ಹೋಳನ್ನು ಹಿಡಿದುಕೊಂಡ ನಾರಿನ ಸೇತುವೆಗಳು ಕಾಣುತ್ತವೆ. ಅವನ್ನು ಎಳೆದು ಹರಿಯಬಾರದು, ಒಂದರ ಬೆನ್ನಿನಿಂದ ಚಕ್ಕೆ ಕಿತ್ತು ಬಂದೀತು. ಕೊಡಲಿಯಿಂದ ಕಡಿಯಿರಿ.

ಹೋಳು ಬಿಚ್ಚಿದ ಮೇಲೆ ಮರದ ಜಾತಕ ಎದುರಿಗಿರುತ್ತದೆ. ನೆಲದ ಮೇಲಿಟ್ಟು ಒಂದು ತುದಿಯಿಂದ ನೋಡಿ. ಎರಡೂ ತುದಿಯ ಮುಖ ಒಂದೇ ಮಟ್ಟದಲ್ಲಿದ್ದರೆ ಸರಿ, ಫ್ಯಾನ್ ರೆಕ್ಕೆಯಂತೆ ತಿರುಚಿದ್ದರೆ ಅದನ್ನು ಕಾವಿಗೋ ಸೌದೆಗೋ ಬಿಡಿ. ತೊಗಟೆಯ ಕಡೆ ಎರಡೂವರೆ ಇಂಚು ಅಗಲ, ಆಳಕ್ಕೂ ಅಷ್ಟೇ ಉಳಿಯುವಂತೆ ಮತ್ತೆ ಸೀಳಿ. ತಿರುಳು ಪೂರ್ತಿ ಹೋಗಲಿ. ಅದು ಉಳಿದ ಹೋಳು ಒಡೆಯದೆ ಬಿಡುವುದಿಲ್ಲ.

ತೊಗಟೆ ಉಳಿಸಬೇಕೋ ಸುಲಿಯಬೇಕೋ? ನಮ್ಮ ಹುಳುಗಳ ಊರಿನಲ್ಲಿ ಸುಲಿಯುವುದೇ ವಾಸಿ. ತೊಗಟೆಯ ಕೆಳಗೆ ಮೊಟ್ಟೆಯಿಡುವ ದುಂಬಿಯ ಮರಿ ಮೊದಲು ಕೊರೆಯುವುದು ಬೆನ್ನಾಗಬೇಕಾದ ಪದರವನ್ನೇ. ಹಸಿಯಿದ್ದಾಗ ಹಿಪ್ಪುನೇರಳೆಯ ತೊಗಟೆ ಪಟ್ಟಿಯಾಗಿ ಕೈಯಲ್ಲೇ ಬರುತ್ತದೆ. ಅಂಟಿದ ಕಡೆ ಮೊಂಡು ಮಾಡಿದ ಬಿದಿರಿನ ದಬ್ಬೆಯಿಂದ ಎಬ್ಬಿಸಿ, ಚಾಕು ಬೇಡ. ಸುಲಿದ ಮೈಗೆ ತಡಮಾಡದೆ ಫೆವಿಕಾಲನ್ನು ನೀರಲ್ಲಿ ಕೊಂಚ ತೆಳುಮಾಡಿ ಎರಡು ಪದರ ಬಳಿಯಬೇಕು. ಇಲ್ಲದಿದ್ದರೆ ತುದಿಗೆ ಆಗುವ ಗತಿಯೇ ಬೆನ್ನಿಗೂ. ಸೀಳಿದ ಪಕ್ಕಗಳನ್ನು ಬಳಿಯದೆ ಬಿಡಿ, ನೀರು ಹೋಗಲು ದಾರಿ ಬೇಕಲ್ಲ.

ಒಣಗಿಸುವುದು

ಹಸಿ ಮರದಲ್ಲಿ ಒಣ ತೂಕದ ಅರ್ಧದಷ್ಟೋ ಅದಕ್ಕೂ ಹೆಚ್ಚೋ ನೀರಿರುತ್ತದೆ. ಶೇ. 25-30ರವರೆಗೆ ಇಳಿಯುವ ನೀರು ನಾರಿನ ಪೊಳ್ಳಿನೊಳಗಿನದು, ಅದು ಹೋದರೂ ಮರ ಕುಗ್ಗುವುದಿಲ್ಲ. ಅದರಿಂದಾಚೆ ಹೋಗುವುದು ನಾರಿನ ಗೋಡೆಯ ನೀರು. ಕುಗ್ಗುವುದು, ಬಿರಿಯುವುದು, ಸೊಟ್ಟಗಾಗುವುದು ಎಲ್ಲ ಆಗ. ಬಿಲ್ಲಿಗೆ ಬೇಕಾದ ಹದ ಶೇ. 8ರಿಂದ 10. ಶೇ. 12 ದಾಟಿದ್ದರೆ ಹೊಟ್ಟೆ ಒತ್ತಿಕೊಂಡು ಬಿಲ್ಲು ಬಾಗಿಯೇ ಉಳಿಯುತ್ತದೆ. ಶೇ. 6ಕ್ಕಿಂತ ಕೆಳಗಿಳಿದರೆ ಬೆನ್ನು ಪೆಡಸಾಗುತ್ತದೆ.

ಮರ ಸುತ್ತಲಿನ ಗಾಳಿಯ ಹದಕ್ಕೆ ಬಂದು ನಿಲ್ಲುತ್ತದೆ. ಗಾಳಿಯ ತೇವ ಶೇ. 30 ಇದ್ದರೆ ಮರ ಶೇ. 6ರ ಕಡೆಗೆ, 50 ಇದ್ದರೆ 9ಕ್ಕೆ, 65ಕ್ಕೆ 12ರ ಹತ್ತಿರ, 80ಕ್ಕೆ 16. ಇನ್ನೂರು ಮುನ್ನೂರು ರೂಪಾಯಿಯ ತೇವಮಾಪಕವೊಂದನ್ನು ಅಟ್ಟದಲ್ಲಿ ತೂಗುಹಾಕಿದರೆ ಊಹೆ ಬೇಕಾಗುವುದಿಲ್ಲ. ಪಾವಗಡ, ಬಾಗೇಪಲ್ಲಿಯ ಕಡೆ ಮಾರ್ಚಿಯ ಮಧ್ಯಾಹ್ನ ಗಾಳಿ ಎಷ್ಟು ಒಣ ಎಂಬುದು ಒಡೆದ ತುಟಿಗೇ ಗೊತ್ತು. ಸೆಪ್ಟೆಂಬರ್‌ನಲ್ಲಿ ಅದೇ ಅಟ್ಟದಲ್ಲಿ ಅದೇ ಹೋಳು ನೀರು ಹೀರಿಕೊಂಡು ಭಾರವಾಗುತ್ತದೆ.

ಆದ್ದರಿಂದ ಒಣಗಿಸುವುದು ಎರಡು ಹಂತ. ಮೊದಲ ತಿಂಗಳೆರಡು ತಿಂಗಳು ನಿಧಾನ: ಹೆಂಚಿನ ಮನೆಯ ನೆರಳಿನ ಮೂಲೆ, ಗಾಳಿ ನೇರ ಬಡಿಯದ ಜಾಗ, ನೆಲದಿಂದ ಒಂದು ಅಡಿ ಮೇಲೆ, ಹೋಳುಗಳ ನಡುವೆ ಅಡ್ಡ ಪಟ್ಟಿ. ನೆಲಕ್ಕೆ ತಾಕಿದರೆ ಗೆದ್ದಲು. ಜಿಂಕ್ ಶೀಟಿನ ಕೆಳಗೆ ಬೇಡ, ಮಧ್ಯಾಹ್ನ ಅದು ಒಲೆ. ಆಮೇಲೆ ಹೋಳನ್ನು ಬಿಲ್ಲಿನ ಸ್ಥೂಲ ಆಕಾರಕ್ಕೆ ಬಾಚಿಯಿಂದ ಇಳಿಸಿ: ಅಗಲದಲ್ಲಿ ಅರ್ಧ ಇಂಚು, ದಪ್ಪದಲ್ಲಿ ಕಾಲು ಇಂಚು ಹೆಚ್ಚಿಟ್ಟು, ಬೆನ್ನು ಮುಟ್ಟದೆ, ಹೊಟ್ಟೆಯ ಕಡೆಯಿಂದಲೂ ಪಕ್ಕಗಳಿಂದಲೂ ಮಾತ್ರ. ಈ ಆಕಾರದಲ್ಲಿ ನಾಲ್ಕರಿಂದ ಎಂಟು ವಾರದಲ್ಲಿ ಹದಕ್ಕೆ ಬರುತ್ತದೆ. ಇಡೀ ಹೋಳಾಗಿಯೇ ಬಿಟ್ಟರೆ ಇಂಚು ದಪ್ಪಕ್ಕೆ ಒಂದು ವರ್ಷ ಎಂಬ ಬಡಗಿಯ ಹಳೆಯ ಲೆಕ್ಕ.

ಮುಗಿಯಿತೆಂದು ತಿಳಿಯಲು ಅಡುಗೆ ಮನೆಯ ಡಿಜಿಟಲ್ ತಕ್ಕಡಿ ಸಾಕು. ಪ್ರತಿ ಭಾನುವಾರ ತೂಗಿ ಹೋಳಿನ ಪಕ್ಕಕ್ಕೇ ಪೆನ್ಸಿಲಿನಲ್ಲಿ ತಾರೀಖು, ತೂಕ ಬರೆಯಿರಿ. ಮೊದಲು ವಾರಕ್ಕೆ ನೂರು ಗ್ರಾಂ ಇಳಿಯುತ್ತಿದ್ದದ್ದು ಐವತ್ತಾಗಿ, ಹತ್ತಾಗಿ, ಮೂರು ವಾರ ಅಲ್ಲೇ ನಿಂತರೆ ಗಾಳಿಯ ಹದಕ್ಕೆ ಬಂದಿದೆ. ಖಚಿತ ಸಂಖ್ಯೆಯೇ ಬೇಕಿದ್ದರೆ ತುದಿಯಿಂದ ಎರಡಿಂಚು ಒಳಗೆ ಚಿಕ್ಕ ತುಂಡು ಕುಯ್ದು ತೂಗಿ, ಓವನ್‌ನಲ್ಲಿ 103 ಡಿಗ್ರಿಯಲ್ಲಿ ಒಂದು ದಿನವಿಟ್ಟು ಮತ್ತೆ ತೂಗಿ. 23.0 ಗ್ರಾಂ ಇದ್ದದ್ದು 20.9ಕ್ಕೆ ಇಳಿಯಿತು ಎನ್ನಿ. ಹೋದ 2.1ನ್ನು 20.9ರಿಂದ ಭಾಗಿಸಿದರೆ ಶೇ. 10. ಇಂಥ ತುಂಡಿಗೆ ಚಿನ್ನದಂಗಡಿಯವರ ತಕ್ಕಡಿ ಬೇಕು, ಅಡುಗೆ ಮನೆಯದು ಆಗದು.

ಬೇಸಿಗೆಯಲ್ಲಿ ಬೇಗ ಆಗಲಿ ಎಂದು ಕಾರಿನೊಳಗೆ, ತಾರಸಿಯ ಮೇಲೆ ಇಡುವ ಚಟ ಕೆಲವರಿಗೆ. ಹೊರಪದರ ಮೊದಲೇ ಒಣಗಿ ಬಿಗಿದುಕೊಂಡುಬಿಡುತ್ತದೆ, ಒಳಗಿನ ನೀರು ಹೊರಬರುವಾಗ ಒಳಗೇ ಸೀಳುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಕೆತ್ತುತ್ತ ಹೋದಾಗ ಹೊಟ್ಟೆಯಲ್ಲಿ ತೆರೆಯುವ ಆ ಸೀಳಿಗೆ ಮದ್ದಿಲ್ಲ.

ಬಿದಿರು

ಬಿದಿರಿಗೆ ಸುಲಿಯುವ, ಉಂಗುರ ಹುಡುಕುವ ರಗಳೆಯಿಲ್ಲ. ಗಟ್ಟಿ ನಾರು ಸಿಪ್ಪೆಯ ಕಡೆ ಒತ್ತೊತ್ತಾಗಿ, ಒಳಗೆ ಹೋದಂತೆ ವಿರಳವಾಗಿ ಇರುವುದರಿಂದ ಸಿಪ್ಪೆಯೇ ಬೆನ್ನು. ಕಿರುಬಿದಿರು ಸಣ್ಣದಾದರೂ ಬಹುತೇಕ ಗಟ್ಟಿ, ಮುಳ್ಳಿನ ಹೆಬ್ಬಿದಿರು ದೊಡ್ಡದು, ಗೋಡೆ ದಪ್ಪ. ಬಿಲ್ಲಿನ ಪಟ್ಟಿಗೆ ಹೆಬ್ಬಿದಿರಿನ ಬುಡದ ಕಡೆಯ ಏಳೆಂಟು ಅಡಿ ಬೇಕು: ಅಡ್ಡಳತೆ ಮೂರೂವರೆ ನಾಲ್ಕು ಇಂಚು, ಗೋಡೆ ಅರ್ಧ ಇಂಚಿಗೆ ಕಡಿಮೆಯಿಲ್ಲದ್ದು.

ವಯಸ್ಸು ಮೂರರಿಂದ ನಾಲ್ಕು ವರ್ಷ. ಗೆಣ್ಣಿನ ಮೇಲೆ ಹಾಳೆ ಅಂಟಿಕೊಂಡಿದ್ದರೆ, ಮೈಮೇಲೆ ಬಿಳಿ ಬೂದಿ ಇದ್ದರೆ ಎಳೆಯದು, ಒಣಗಿದಾಗ ಸುಕ್ಕುತ್ತದೆ. ಮೈಮೇಲೆ ಕಲ್ಲುಹೂವಿನ ಮಚ್ಚೆ ಬಂದು, ಮಚ್ಚಿನ ಹಿಂಬದಿಯಿಂದ ತಟ್ಟಿದರೆ ‘ಟಣ್’ ಎನ್ನುವುದು ಬಲಿತದ್ದು. ಬುಟ್ಟಿ ಹೆಣೆಯುವ ಮೇದರಿಗೆ ಎಳೆಯದೇ ಬೇಕು, ಅದು ಎಳೆಎಳೆಯಾಗಿ ಬಾಗುತ್ತದೆ. ಅವರಲ್ಲಿ ಕೊಳ್ಳುವಾಗ ಏಣಿಗೆ ಬೇಕಾದಂಥ ಬಲಿತ ಗಳ ಎಂದು ಬಿಡಿಸಿ ಹೇಳಿ. ಕಳಲೆ ಏಳುವ ಮಳೆಗಾಲದಲ್ಲಿ ಕಡಿದದ್ದು ಬೇಡವೇ ಬೇಡ.

ಬಿದಿರಿನ ಶತ್ರು ಕುಟ್ಟೆ ಹುಳು. ಅದು ಬರುವುದು ಬಿದಿರಿನೊಳಗಿನ ಪಿಷ್ಟಕ್ಕೆ. ಹಿರಿಯರು ಗಳಗಳನ್ನು ಕೆರೆಯಲ್ಲಿ ವಾರಗಟ್ಟಲೆ ಮುಳುಗಿಸಿಡುತ್ತಿದ್ದರು. ಪಿಷ್ಟ ಕೊಳೆತು ತೊಳೆದುಹೋಗುತ್ತಿತ್ತು, ನಾತವೂ ಅಷ್ಟೇ ಇರುತ್ತಿತ್ತು. ಈಗ ಕೆರೆಯಲ್ಲಿ ನೀರಿದ್ದರೆ ಅದೇ ಮಾಡಿ. ಇಲ್ಲದಿದ್ದರೆ 20 ಲೀಟರ್ ನೀರಿಗೆ 400 ಗ್ರಾಂ ಬೋರಿಕ್ ಆಸಿಡ್, 600 ಗ್ರಾಂ ಬೋರಾಕ್ಸ್ ಕರಗಿಸಿ, ಸೀಳಿದ ಹಸಿ ದಬ್ಬೆಗಳನ್ನು ಒಂದು ವಾರ ಮುಳುಗಿಸಿ, ನೆರಳಲ್ಲಿ ನಿಲ್ಲಿಸಿ ಒಣಗಿಸಿ. ಎರಡೂ ಕಡೆ ಮುಚ್ಚಿದ ಪಿವಿಸಿ ಪೈಪ್ ಒಳ್ಳೆಯ ತೊಟ್ಟಿಯಾಗುತ್ತದೆ. ಜಾಲಿ ಹೋಳಿನ ಬಿಳಿ ಭಾಗಕ್ಕೂ ಇದೇ ದ್ರಾವಣ. ದನಕರು, ಮಕ್ಕಳ ಕೈಗೆ ಸಿಗದಂತಿಡಿ.

ಸೀಳಿದ ಮೇಲೆ ಒಳಗಿನ ಗೆಣ್ಣಿನ ತಡಿಕೆ ಪೂರ್ತಿ ಕೆತ್ತಿ ತೆಗೆಯಬಹುದು. ಹೊರಗಿನ ಗೆಣ್ಣಿನ ಉಬ್ಬಿನ ಚೂಪನ್ನಷ್ಟೇ ಮರಳು ಕಾಗದದಲ್ಲಿ ಸವರಿ. ಅರ ಹಾಕಿ ಸಪಾಟು ಮಾಡಿದರೆ ಬಿಲ್ಲು ಅಲ್ಲೇ ಬಿಚ್ಚಿಕೊಳ್ಳುತ್ತದೆ. ದಬ್ಬೆಯ ಒಂದು ತುದಿ ಬುಡ, ಇನ್ನೊಂದು ತಲೆ ಎಂಬುದನ್ನು ಮರೆಯಬಾರದು: ಬುಡದ ಕಡೆ ಗೋಡೆ ದಪ್ಪ. ಹಾಗೇ ಬಿಲ್ಲು ಮಾಡಿದರೆ ಒಂದು ತೋಳು ಬಿಗಿ, ಇನ್ನೊಂದು ಜೋಲಿ. ದಪ್ಪ ತೋಳನ್ನು ಒಳಗಿನಿಂದ ಇಳಿಸಿ ಸಮ ಮಾಡಬೇಕು. ಬೇರೆ ಮರದ ಬೆನ್ನಿಗೆ ಅಂಟಿಸುವ ಪಟ್ಟಿಯಾದರೆ ಒಳಮೈಯನ್ನು ಸಪಾಟು ಮಾಡಿ ಮೂರು ಮಿ.ಮೀ.ಗೆ ತನ್ನಿ, ತುದಿಗೆ ಎರಡು. ಅಂಟು ನಿಧಾನ ಗಟ್ಟಿಯಾಗುವ ಎಪಾಕ್ಸಿಯೇ ಆಗಲಿ. ಐದು ನಿಮಿಷದ್ದು ಹೊಂದಿಸಿ ಬಿಗಿಯುವಷ್ಟರಲ್ಲೇ ಗಟ್ಟಿಯಾಗಿಬಿಡುತ್ತದೆ. ಅಂಟಿಸುವ ಹೊತ್ತಿಗೆ ಎರಡೂ ಮರ ಒಂದೇ ಹದದಲ್ಲಿರಬೇಕು, ಇಲ್ಲವಾದರೆ ಮುಂದಿನ ಬೇಸಿಗೆಗೆ ಒಂದು ಇನ್ನೊಂದನ್ನು ಎಳೆದು ಬಿಡಿಸಿಕೊಳ್ಳುತ್ತದೆ.

ಎರಡು ತುಂಡು ಸೇರಿಸುವುದು, ಸೊಟ್ಟ ತಿದ್ದುವುದು

ಮರ ಪದ್ಧತಿಯ ಹಿಪ್ಪುನೇರಳೆಯ ಮೂರಡಿ ಕಾಂಡದಿಂದ ಬಿಲ್ಲು ಬರುವುದು ಜೋಡಿ ಹೋಳಿನಿಂದ. ಒಂದೇ ಕಾಂಡದಲ್ಲಿ ಅಕ್ಕಪಕ್ಕ ಇದ್ದ ಎರಡು ಹೋಳೇ ಆಗಬೇಕು, ಬೇರೆ ಬೇರೆ ಮರದ್ದು ಬೇಡ. ಎರಡರ ಬುಡದ ತುದಿಗಳನ್ನು ಎದುರುಬದುರು ಇಟ್ಟು ಹಿಡಿಯ ಜಾಗದಲ್ಲಿ ಸೇರಿಸುವುದು. ಒಂದರಲ್ಲಿ ನಾಲ್ಕು ಇಂಚು ಆಳದ ಮೀನಿನ ಬಾಲದ ಕವಲು, ಇನ್ನೊಂದರಲ್ಲಿ ಅದಕ್ಕೆ ಹೊಂದುವ ಬೆಣೆ. ಕುಯ್ತ ಬೆನ್ನಿಗೆ ಲಂಬವಾಗಿರಲಿ. ಹೊಂದಿಸುವಾಗ ಬೆನ್ನಿನ ಮಟ್ಟ ಸೇರಬೇಕು, ಹೊಟ್ಟೆಯ ಕಡೆ ಹೆಚ್ಚುಕಡಿಮೆ ಆದರೂ ಕೆತ್ತಿದರಾಯಿತು. ಮರ ಪೂರ್ತಿ ಒಣಗಿದ ಮೇಲಷ್ಟೇ ಈ ಕೆಲಸ. ಹಿಡಿ ಬಾಗದಂತೆ ಅಲ್ಲಿ ಒಂದೂವರೆ ಇಂಚಿನ ದಪ್ಪ ಬಿಡಬೇಕು.

ಪಕ್ಕಕ್ಕೆ ಬಾಗಿದ ಒಣ ಹೋಳಿಗೆ ಬಿಸಿಗಾಳಿ ಊದುವ ಹೀಟ್ ಗನ್ ಸಾಕು. ಹೊಟ್ಟೆಯ ಕಡೆಯಿಂದ ನಾಲ್ಕು ಇಂಚು ದೂರದಲ್ಲಿ ಹಿಡಿದು, ಒಂದೇ ಕಡೆ ನಿಲ್ಲಿಸದೆ, ಬೆನ್ನಿನ ಮೇಲೆ ಬೆರಳು ಒಂದು ಕ್ಷಣಕ್ಕಿಂತ ಹೆಚ್ಚು ಇಡಲಾಗದಷ್ಟು ಬಿಸಿ ಮಾಡಿ, ಬಾಗಿಸಿ, ಕ್ಲಾಂಪ್ ಹಾಕಿ ಪೂರ್ತಿ ಆರುವವರೆಗೆ ಬಿಡಿ. ಅರೆಹಸಿ ಮರಕ್ಕಾದರೆ ಹಬೆ: ಇಂಚು ದಪ್ಪಕ್ಕೆ ಒಂದು ಗಂಟೆ. ಹೀಟ್ ಗನ್ನಿನ ಬಿಸಿ ತಿಂದ ಮರ ಎಲುಬಿನಷ್ಟು ಒಣಗಿರುತ್ತದೆ. ಅದೇ ದಿನ ಎಳೆದು ನೋಡಿದರೆ ಮುರಿದೇ ಮುರಿಯುತ್ತದೆ. ಒಂದು ವಾರ ಅಟ್ಟದಲ್ಲಿಟ್ಟು ಗಾಳಿಯ ತೇವ ಹೀರಿಕೊಳ್ಳಲು ಬಿಡಬೇಕು.

ಬಿಲ್ಲು ಕೆತ್ತಲು ಕೂರುವ ಮುಂಚೆ ಕಡೆಯದೊಂದು ಪರೀಕ್ಷೆ ಉಳಿದಿದೆ. ಅದೇ ಹೋಳಿನ ಪಕ್ಕದಿಂದ ಬಂದ ಚೂರಿನಲ್ಲಿ ಒಂದು ಅಡಿ ಉದ್ದ, ಅರ್ಧ ಇಂಚು ಚೌಕದ ಕಡ್ಡಿ ಸೀಳಿ ತೆಗೆದು ಮೊಣಕಾಲಿಗೆ ಕೊಟ್ಟು ಮುರಿಯಿರಿ. ಮುರಿದ ಬಾಯಿ ಕಬ್ಬಿನ ಸಿಪ್ಪೆಯಂತೆ ಉದ್ದುದ್ದ ಚಕ್ಕೆಯಾಗಿ ಬಿಚ್ಚಿಕೊಂಡು, ಕೊನೆಯ ನಾರು ಬಿಡಲು ಇನ್ನೊಮ್ಮೆ ತಿರುಚಬೇಕಾಗಿ ಬಂದರೆ ಮರ ಒಳ್ಳೆಯದು. ಮೂಲಂಗಿಯಂತೆ ಟಕ್ಕೆಂದು ಮುರಿದು ಬಾಯಿ ಸಪಾಟಾಗಿದ್ದರೆ ನಾರು ಒಳಗೇ ಸತ್ತಿದೆ: ಬೂಸು ಹಿಡಿದಿರಬಹುದು, ಮರ ನಿಂತಲ್ಲೇ ಒಣಗಿದ್ದಿರಬಹುದು. ಅಂಥ ಹೋಳಿನಲ್ಲಿ ಕೊಡಲಿ ಕಾವನ್ನೂ ಮಾಡಬಾರದು.